ಫ್ರಿಜ್ ಮಲಗಿಸದ ಪಿಯೂಸಣ್ಣ

ಪಿಯೂಸಣ್ಣನನ್ನು ನಾನು ಮೊದಲ ಸಲ ನೋಡಿದಾಗ ಅವರು ಪಿಕಪ್ ಗಾಡಿಯ ಹಿಂದೆ ನಿಂತು ಯಾರದೋ ಮನೆಯ ಫ್ರಿಜ್ಜನ್ನು ತಬ್ಬಿಕೊಂಡಿದ್ದರು. ಕೆನ್ನೆ ಅದರ ಬಾಗಿಲಿಗೆ ಒತ್ತಿಕೊಂಡಿತ್ತು. ಗಾಡಿ ಓಡಿಸುತ್ತಿದ್ದವರು ಅವರ ಹೆಂಡತಿ ಸಿಸಿಲಿಯಕ್ಕ. ಸಕಲೇಶಪುರದ ಪೇಟೆಯ ಜನ ನಿಂತು ನಗುತ್ತಿದ್ದರೆ ಪಿಯೂಸಣ್ಣ ಒಂದು ಕೈ ಬಿಡಿಸಿಕೊಂಡು ಬೀಸುತ್ತ, "ನಗ್ರಪ್ಪ ನಗ್ರಿ, ನಿಮ್ಮನೇದೂ ಒಂದಿನ ನನ್ ಕೈಗೇ ಬತ್ತದೆ" ಎಂದರು.

ಅವರ ಅಜ್ಜ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದು ಕಾಫಿ ಎಸ್ಟೇಟಿಗೆ ಸೇರಿದವರಂತೆ. ಮೊಮ್ಮಗನ ಬಾಯಲ್ಲಿ ಮಾತ್ರ ಅಪ್ಪಟ ಹಾಸನದ ಕನ್ನಡ. ಮನೆ ಸಾಮಾನು ಸಾಗಿಸುವುದು ಕಸುಬು. ಮಂಚ, ಬೀರು, ಪಾತ್ರೆಪಗಡ ಎಲ್ಲವನ್ನೂ ಹಮಾಲರಿಗೆ ಬಿಟ್ಟು ತಾವು ಬೀಡಿ ಸೇದುತ್ತ ಕೂರುವರು. ಫ್ರಿಜ್ಜು ಹೊರಗೆ ಬಂತೋ, ಬೀಡಿ ಬಿಸಾಕಿ ಎದ್ದರೆಂದೇ ಅರ್ಥ. ಹಗ್ಗ ಬಿಗಿದರೆ ಬಣ್ಣ ಕಿತ್ತು ಹೋಗುತ್ತದೆಂದು ಹಳೆಯ ನೂಲಿನ ಸೀರೆಯಲ್ಲೇ ಸುತ್ತಿ ಕಟ್ಟುವರು. ಸೀರೆ ಸಿಸಿಲಿಯಕ್ಕನದು. "ನನ್ ಸೀರೆ ಕಂಡ್ರೆ ಈ ಮನುಷ್ಯಂಗೆ ಫ್ರಿಜ್ಜೇ ನೆಪ್ಪಾಗೋದು, ನಾನಲ್ಲ" ಎಂದು ಆಕೆ ಗೊಣಗುವರು.

"ಫ್ರಿಜ್ಜು ಮಲಗ್ಸಿದ್ರೆ ಅದ್ರೊಳಗಿನ ಎಣ್ಣೆ ಹತ್ಬಾರದ ಕಡೆ ಹತ್ತುತ್ತೆ ಕಣ್ರೀ ಟೀಚರ್" ಎಂದು ನನಗೆ ಪಾಠ ಮಾಡಿದ್ದರು. "ಇಪ್ಪತ್ತು ವರ್ಷಾತು. ಒಂದನ್ನೂ ನಾನು ಮಲಗ್ಸಿಲ್ಲ." ಇದನ್ನು ಅವರು ದಿನಕ್ಕೆ ನಾಲ್ಕು ಸಲವಾದರೂ ಹೇಳುವರು. ಆಲೂರಿನಿಂದ ಹೆತ್ತೂರಿನವರೆಗೆ ಅವರನ್ನು ಜನ ಹುಡುಕಿಕೊಂಡು ಬರುತ್ತಿದ್ದುದೂ ಈ ಒಂದು ಮಾತಿಗೇ.

ಪಾಳ್ಯದ ಶಾಲೆಯಿಂದ ನನಗೆ ಹೆತ್ತೂರಿಗೆ ವರ್ಗವಾದಾಗ ನಾನೂ ಅವರಿಗೇ ಹೇಳಿದೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಅವಳ ಇನ್ಸುಲಿನ್ ಇರುವುದು ಆ ಫ್ರಿಜ್ಜಿನಲ್ಲೇ. ಹೆತ್ತೂರಿನ ಮಳೆಗಾಲದಲ್ಲಿ ಉಪ್ಪು, ಬೆಂಕಿಪೊಟ್ಟಣವನ್ನೂ ಫ್ರಿಜ್ಜಿನಲ್ಲೇ ಇಡಬೇಕಂತೆ. ಅಂಥ ಊರಲ್ಲಿ ಅದು ಕೆಟ್ಟು ಕೂತರೆ ರಿಪೇರಿಯವನನ್ನು ಎಲ್ಲಿಂದ ಹಿಡಿದು ತರಲಿ? ಪಿಯೂಸಣ್ಣ ಹಿಂದಿನ ದಿನವೇ ಬಂದು ಫ್ರಿಜ್ಜನ್ನು ಖಾಲಿ ಮಾಡಿಸಿದರು. ಇನ್ಸುಲಿನ್ನನ್ನು ಬಟ್ಟೆಯಲ್ಲಿ ಸುತ್ತಿ, ಐಸ್ ಹಾಕಿದ ಫ್ಲಾಸ್ಕಿನಲ್ಲಿಟ್ಟು ಅಮ್ಮನ ಮಡಿಲಿಗೆ ಕೊಟ್ಟರು. ಅಮ್ಮನೂ ನಾನೂ ಜೀಪಿನಲ್ಲಿ ಮುಂದೆ ಹೋದೆವು.

ಅಂದು ಶುಕ್ರವಾರ. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಹಾಲುಕ್ಕಿಸಿ, ಫ್ರಿಜ್ಜಿಗೆ ಕುಂಕುಮವಿಟ್ಟು ಸ್ವಿಚ್ ಹಾಕಬೇಕೆಂದು ಅಮ್ಮನ ಲೆಕ್ಕ. ಗಾಡಿ ಬಂದದ್ದು ಹತ್ತು ಗಂಟೆಗೆ. ಫ್ರಿಜ್ಜು ನಿಂತೇ ಇತ್ತು, ಪಿಯೂಸಣ್ಣ ಅದನ್ನು ತಬ್ಬಿಕೊಂಡೇ ಇದ್ದರು. ಆದರೆ ಮುಖ ಸಪ್ಪಗಿತ್ತು. ಅಡುಗೆಮನೆಯ ಮೂಲೆಯಲ್ಲಿ ಅದನ್ನು ಇಳಿಸಿದ ಕೂಡಲೇ ಅಮ್ಮ ಪ್ಲಗ್ಗಿಗೆ ಕೈ ಹಾಕಿದಳು.

"ಅಮ್ಮ, ಈಗ ಹಾಕಂಗಿಲ್ಲ."

"ಯಾಕಪ್ಪ?"

ಪಿಯೂಸಣ್ಣ ತಲೆಯ ಟೋಪಿ ತೆಗೆದರು. "ನೀವು ಹೋದ್ಮೇಲೆ ದಾರೀಲಿ ಸಿಲ್ವರ್ ಮರ ಅಡ್ಡಕ್ಕೆ ವಾಲ್ಕಂಡಿತ್ತು. ಪಕ್ಕದ ತೋಟದಲ್ಲಿ ಆನೆ ಐತೆ, ಕಡಿಯಾಕೆ ಯಾರೂ ಇಳಿಯಲ್ಲ ಅಂದ್ರು. ಅದ್ರಡೀಲಿ ದಾಟ್ಸಾಕೆ ಮಲಗಿಸ್ಬುಟ್ಟೆ. ಐದೇ ನಿಮಿಷ. ಆದ್ರೂ ಮಲಗ್ಸಿದ್ದು ಮಲಗ್ಸಿದ್ದೇ. ಎಣ್ಣೆ ಕೆಳಗಿಳಿಯಾಕೆ ಸಂಜೆಗಂಟ ಇದು ಹಿಂಗೇ ನಿಲ್ಬೇಕು."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಇಪ್ಪತ್ತು ವರ್ಷ ಜಂಬ ಕೊಚ್ಚಿಕೊಂಡು, ಕೊನೆಗೆ ನಮ್ಮ ಫ್ರಿಜ್ಜೇ ಬೇಕಾಗಿತ್ತಾ ನಿಮಗೆ?" ಎಂದುಬಿಟ್ಟೆ. ಮಲಗಿಸಿದ್ದನ್ನು ನಾವು ನೋಡಿರಲಿಲ್ಲ. ಅವರು ಸುಮ್ಮನಿದ್ದು ಸ್ವಿಚ್ ಹಾಕಿಸಿ, ನಾಳೆ ಕೆಟ್ಟರೆ ತಪ್ಪನ್ನು ಹೆತ್ತೂರಿನ ಕರೆಂಟಿನ ಮೇಲೆ ಹಾಕಬಹುದಿತ್ತು. ಇದು ನನಗೆ ಹೊಳೆದದ್ದು ಆಮೇಲೆ.

ಅಮ್ಮ ಮಾತ್ರ ಪಟ್ಟು ಬಿಡಲಿಲ್ಲ. ಪಿಯೂಸಣ್ಣ ಒಂದು ಸ್ಟೂಲ್ ಎಳೆದು ಸ್ವಿಚ್ಚಿಗೆ ಅಡ್ಡವಾಗಿ ಕೂತರು.

"ಚರ್ಚಿಗೋಗೋನು ನೀನು, ರಾಹುಕಾಲ ನಿಂಗೇನ್ ಗೊತ್ತು ಮಾರಾಯ?"

"ನಂಗೆ ಕಂಪ್ರೆಸರ್ ಕಾಲ ಗೊತ್ತಮ್ಮ. ಪೂಜೆ ಈಗ್ಲೇ ಮಾಡ್ಬುಡಿ. ದೇವ್ರಿಗೇನು ಕರೆಂಟ್ ಬೇಕಾ?"

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಪ್ಲಗ್ ಹಾಕದ ಫ್ರಿಜ್ಜಿಗೇ ಆರತಿ ಎತ್ತಿ, ಕಾಯಿ ಒಡೆದು, ಒಂದು ಹೋಳನ್ನು ಅವರ ಕೈಗೇ ಇಟ್ಟಳು. ಫ್ಲಾಸ್ಕಿನ ಐಸ್ ಕರಗುತ್ತಿತ್ತು. ಸಿಸಿಲಿಯಕ್ಕ ಅದನ್ನೆತ್ತಿಕೊಂಡು ಕೆಳಗಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಗೆ ಹೋಗಿ, ಗುರುತು ಪರಿಚಯವಿಲ್ಲದವರ ಫ್ರಿಜ್ಜಿನಲ್ಲಿ ಇನ್ಸುಲಿನ್ನಿಗೆ ಜಾಗ ಮಾಡಿಸಿ ಬಂದರು.

ಪಿಯೂಸಣ್ಣ ಸ್ಟೂಲ್ ಬಿಟ್ಟು ಏಳಲಿಲ್ಲ. ಚಿತ್ರಾನ್ನವನ್ನೂ ಅಲ್ಲೇ ತಿಂದರು. ಅಮ್ಮನ ಮೇಲೆ ಎಷ್ಟು ನಂಬಿಕೆಯೆಂದರೆ, ಬಚ್ಚಲಿಗೆ ಹೋಗುವಾಗ ಹೆಂಡತಿಯನ್ನು ಆ ಜಾಗದಲ್ಲಿ ಕೂರಿಸಿ ಹೋದರು! ಐದು ಗಂಟೆಗೆ ತಾವೇ ಸ್ವಿಚ್ ಹಾಕಿ, ಫ್ರಿಜ್ಜಿನ ಪಕ್ಕಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿದರು. ಗುರ್ ಎಂದಿತು. ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು, ಅಮ್ಮ ಕೈ ಮುಗಿದಳು. ಕಾಫಿ ಕುಡಿದು ಎಷ್ಟೋ ಹೊತ್ತಾದ ಮೇಲೆ ಒಳಗೆ ಕೈಯಿಟ್ಟು, "ತಣ್ಣಗಾಯ್ತಾ ಐತೆ ಅಮ್ಮ" ಎಂದರು. ಬೆಳಿಗ್ಗೆ ಆಡಿದ ಮಾತು ನೆನೆದು ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಕಳೆದ ವರ್ಷ ಎದೆನೋವು ಬಂದು ಪಿಯೂಸಣ್ಣ ಹೋಗಿಬಿಟ್ಟರು. ಮಣ್ಣಿಗೆ ನಾನೂ ಅಮ್ಮನೂ ಸಕಲೇಶಪುರಕ್ಕೆ ಹೋಗಿದ್ದೆವು. ಚರ್ಚಿನ ಹೊರಗೆ ಸಿಸಿಲಿಯಕ್ಕ ತಲೆ ತಗ್ಗಿಸಿ ಕೂತಿದ್ದರು. ಸುತ್ತ ನಿಂತವರದ್ದೆಲ್ಲ ಒಂದೇ ಮಾತು. "ಎಂಥ ಮನುಷ್ಯ ಮಾರಾಯ! ಬದುಕಿರೋಗಂಟ ಒಂದೇ ಒಂದು ಫ್ರಿಜ್ಜು ಮಲಗ್ಸಿಲ್ಲ" ಎಂದರು ಒಬ್ಬರು.

ಸಿಸಿಲಿಯಕ್ಕ ತಲೆಯೆತ್ತಿ ನಮ್ಮ ಕಡೆ ನೋಡಿದರು. ತಪ್ಪು ಕಂಡರೆ ತಿದ್ದುವ ಚಾಳಿ ನನ್ನದು, ಏನು ಹೇಳಿಬಿಡುತ್ತೇನೋ ಎಂದು ಅಮ್ಮ ನನ್ನ ಕೈಯನ್ನು ಬಲವಾಗಿ ಅಮುಕಿದಳು.

"ಹೂಂ ಕಣಪ್ಪ" ಎಂದಳು ಆ ಮಾತಾಡಿದವರಿಗೆ. "ನಮ್ಮನೇದೂ ಅವ್ನೇ ತಂದಿದ್ದು. ಹೆತ್ತೂರುಗಂಟ ನಿಲ್ಸ್ಕಂಡೇ ಬಂದ."