ಜಿಡ್ಡಕ್ಕ ಹೊಯ್ಯದ ಎಣ್ಣೆ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಜಿಡ್ಡಕ್ಕ ಎಂದೇ ಕರೆಯುತ್ತಿದ್ದರು. ಎಂಜಿನ್ ಎಣ್ಣೆ ಮಾರುವವಳಿಗೆ ಅದಕ್ಕಿಂತ ಒಪ್ಪುವ ಹೆಸರು ಇನ್ನೇನಿದ್ದೀತು? ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ ಅವಳ ಗಂಡ ಮಾತ್ರ, "ಊರವರು ಒಂದಕ್ಷರ ತಪ್ಪಿ ಕರೀತಾರೆ. ನೀನು ಜಿಡ್ಡಕ್ಕ ಅಲ್ಲ, ಜಿದ್ದಕ್ಕ" ಎನ್ನುತ್ತಿದ್ದ. ಅವಳು ಅದನ್ನು ಬೈಗುಳವೆಂದು ತಿಳಿದದ್ದೇ ಇಲ್ಲ.

ಅಂಗಡಿ ಟೈರಿನವನಿಗೂ ರೇಡಿಯೇಟರ್ ಬೆಸುಗೆಯವನಿಗೂ ನಡುವೆ ಸಿಕ್ಕಿಕೊಂಡ ಒಂದು ಕಿರಿದಾದ ಕೋಣೆ. ಬೀದಿಯ ಒಂದು ತುದಿಯಲ್ಲಿ ದೋಣಿಕಟ್ಟೆ, ಇನ್ನೊಂದು ತುದಿ ದಾಟಿದರೆ ಊರಾಚೆಯ ರೇಸ್ ಮೈದಾನ. ಹಾಗಾಗಿ ಮೀನಿನ ವಾಸನೆಯವರೂ ಪೆಟ್ರೋಲಿನ ವಾಸನೆಯವರೂ ಅಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ಒಳಗೆ ಕೈಪಂಪು ಸಿಕ್ಕಿಸಿದ ಪೀಪಾಯಿಗಳು, ಗೋಡೆಯ ಮೊಳೆಗಳಲ್ಲಿ ಸಣ್ಣದರಿಂದ ದೊಡ್ಡದರವರೆಗೆ ತೂಗಾಡುವ ಆಲಿಕೆಗಳು, ಎಣ್ಣೆ ಚೆಲ್ಲಿದಲ್ಲೆಲ್ಲ ಉದುರಿಸಿದ ಮರದ ಹೊಟ್ಟು. ಅಲ್ಲಿ ಬರಿಗಾಲಲ್ಲಿ ಜಾರದೆ ನಡೆಯಲು ಅವಳು ಮಾತು ಕಲಿಯುವ ಮೊದಲೇ ಕಲಿತಿದ್ದಳು.

ಅಂಗಡಿ ಅಪ್ಪನದು. ಗಿರಾಕಿ ಬಂದು "ಎಣ್ಣೆ ಕೊಡಿ" ಎಂದರೆ ಅಪ್ಪ ಡಬ್ಬಕ್ಕೆ ಕೈ ಹಾಕುತ್ತಿರಲಿಲ್ಲ. ಯಾವ ಎಂಜಿನ್ನು, ಅದಕ್ಕೆ ವಯಸ್ಸೆಷ್ಟು, ದಿನವಿಡೀ ಗುಡುಗುಡು ಎನ್ನುತ್ತದೋ ಅಥವಾ ಒಂದು ಗಳಿಗೆ ಜೀವ ಬಿಟ್ಟು ಓಡಿ ನಿಲ್ಲುತ್ತದೋ ಎಂದು ಕೂರಿಸಿಕೊಂಡು ವಿಚಾರಿಸುತ್ತಿದ್ದ. "ಹೆಣ್ಣು ಕೊಡೋರೂ ಇಷ್ಟು ಕೇಳಲ್ಲ ಮಾರಾಯ" ಎಂದು ಗಿರಾಕಿಗಳು ಗೊಣಗುತ್ತಿದ್ದರು. ಗೊಣಗಿಕೊಂಡೇ ಮತ್ತೆ ಬರುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಅಣ್ಣನಿಗೆ ಅಂಗಡಿ ಮಾರುವ ಅವಸರ. ನೆಲದ ಟೈಲ್ಸ್ ಮಾರುವವನೊಬ್ಬ ಆಗಲೇ ಅಳತೆ ಪಟ್ಟಿ ಹಿಡಿದು ಗೋಡೆಯಿಂದ ಗೋಡೆಗೆ ಓಡಾಡಿ ಹೋಗಿದ್ದ.

"ಹೆಂಗಸು ಕೂತು ಎಂಜಿನ್ ಎಣ್ಣೆ ಮಾರಿದ್ರೆ ಯಾರು ಬರ್ತಾರೆ?" ಎಂದ ಅಣ್ಣ.

"ಬರೋದು ಎಂಜಿನ್ನಿಗೋಸ್ಕರ. ನಾನು ಹೆಂಗಸು ಅಂತ ಎಂಜಿನ್ನಿಗೇನು ಗೊತ್ತು?" ಎಂದಳು.

ಮರುದಿನ ಬೆಳಿಗ್ಗೆ ಅಣ್ಣ ಬರುವಷ್ಟರಲ್ಲಿ ಅವಳು ಶಟರ್ ಎತ್ತಿ, ನೆಲ ಗುಡಿಸಿ, ಅಪ್ಪನ ಸ್ಟೂಲಿನ ಮೇಲೆ ಕೂತು ದೋಣಿಯವನೊಬ್ಬನ ಕ್ಯಾನಿಗೆ ಪಂಪು ಹೊಡೆಯುತ್ತಿದ್ದಳು. ಅಣ್ಣ ಬಾಗಿಲಲ್ಲೇ ನಿಂತು ನೋಡಿದ. ಅವಳು ತಲೆ ಎತ್ತಲಿಲ್ಲ. ಆಮೇಲೆ ಬಹಳ ಕಾಲ ಅವನು ಅವಳ ಮನೆ ಮೆಟ್ಟಿಲು ಹತ್ತಲಿಲ್ಲ. ಅತ್ತೆಯದು ಬೇರೆ ಗೋಳು. ಸೊಸೆ ಬಂದರೆ ಮನೆಯೆಲ್ಲ ಗ್ಯಾರೇಜಿನ ವಾಸನೆ ಎಂದು ಅವರು ಮೂಗಿಗೆ ಸೆರಗು ಹಿಡಿಯುತ್ತಿದ್ದರು. "ನಿಮ್ಮ ಮಗನ ಲಾರಿಗೂ ಇದೇ ವಾಸನೆ. ಅದನ್ನ ಯಾಕೆ ಬೈಯಲ್ಲ?" ಎಂದು ಕೇಳಿದ ದಿನದಿಂದ ಅವರು ಸೆರಗು ಬಿಟ್ಟು ಕಿಟಕಿ ತೆರೆಯಲು ಕಲಿತರು.

ಮಾರಾಟದಲ್ಲೂ ಅವಳದು ಅದೇ ಧಾಟಿ. ಒಮ್ಮೆ ಸಭಾಭವನಕ್ಕೆ ಜನರೇಟರ್ ಒದಗಿಸುವವನು ಬಂದು, ಇದ್ದುದರಲ್ಲೇ ದುಬಾರಿಯಾದ ರೇಸ್ ಎಣ್ಣೆ ಬೇಕು ಎಂದ.

"ನಿನ್ನ ಜನರೇಟರ್ ಯಾರ ಜೊತೆ ರೇಸಿಗೆ ಹೋಗುತ್ತೆ?"

"ಒಳ್ಳೇದು ಹಾಕೋಣ ಅಂತಕ್ಕ."

"ರೇಸಿನೋರು ಒಂದು ದಿನ ಓಡಿಸಿ ಎಣ್ಣೆ ಬಸಿದು ಚೆಲ್ತಾರೆ. ಕೊಳೆ ಹಿಡ್ಕೊಳ್ಳೋ ಗುಣ ಅದಕ್ಕೆ ಕಮ್ಮಿ ಇದ್ರೂ ನಡೆಯುತ್ತೆ. ನೀನು ತಿಂಗಳುಗಟ್ಟಲೆ ಬದಲಾಯಿಸಲ್ಲ. ಆ ಮಸಿಯೆಲ್ಲ ಎಲ್ಲಿಗೆ ಹೋಗ್ಬೇಕು? ಕೊಡಲ್ಲ, ಹೋಗು."

ಅವನು ಮುಖ ಗಂಟಿಕ್ಕಿಕೊಂಡು ಪಕ್ಕದ ಬೀದಿಗೆ ಹೋಗಿ ಅದನ್ನೇ ಕೊಂಡ. ಅವಳಿಗೆ ಬೇಸರವಾಯಿತು, ಆದರೆ ಹಿಂದಕ್ಕೆ ಕರೆಯಲಿಲ್ಲ.

ಅವಳ ಪ್ರಾಣವೆಲ್ಲ ಇದ್ದದ್ದು ತಂಗಿಯ ಕಾರಿನಲ್ಲಿ. ಅಮ್ಮ ಬೇಗ ಹೋಗಿದ್ದರಿಂದ ತಂಗಿಯನ್ನು ಎತ್ತಿ ಆಡಿಸಿದವಳು ಇವಳೇ. ತಂಗಿ ವಾರವೆಲ್ಲ ಶಾಲೆಯ ವ್ಯಾನು ಓಡಿಸುತ್ತಿದ್ದಳು. ಮೈದಾನದಲ್ಲಿ ರೇಸ್ ಇದ್ದ ದಿನ ಅಪ್ಪ ಬಿಟ್ಟುಹೋದ ಹಳೆಯ ಕಾರನ್ನು ಓಡಿಸುತ್ತಿದ್ದಳು. ಸೀಟುಗಳನ್ನು ಕಿತ್ತು, ಕಬ್ಬಿಣದ ಪಂಜರ ಕೂರಿಸಿದ ಆ ಕಾರು ನೋಡಲು ಕೋಳಿಗೂಡಿನಂತಿದ್ದರೂ ತಿರುವಿನಲ್ಲಿ ಹೊಸ ಕಾರುಗಳ ಬೆವರಿಳಿಸುತ್ತಿತ್ತು.

ಕೆಲವು ವರ್ಷಗಳ ಹಿಂದೆ ಆ ಎಂಜಿನ್ ಟಕಟಕ ಎನ್ನತೊಡಗಿತ್ತು. ಮುಚ್ಚಳ ಬಿಚ್ಚಿ ನೋಡಿದರೆ ಕವಾಟಗಳನ್ನು ಎತ್ತಿ ಇಳಿಸುವ ಕ್ಯಾಮ್ ದಂಡದ ಮೂಗುಗಳು ಸವೆದು ಮೊಂಡಾಗಿದ್ದವು. ಎಲ್ಲರೂ ಹೊಗಳುತ್ತಿದ್ದ ಹೊಸ ತೆಳು ಎಣ್ಣೆಯನ್ನು ಅಕ್ಕತಂಗಿಯರು ಆ ವರ್ಷವಷ್ಟೇ ಹಾಕಲು ಶುರು ಮಾಡಿದ್ದರು. ಹಳೆಯ ಎಂಜಿನ್ನಿನಲ್ಲಿ ಲೋಹಕ್ಕೆ ಲೋಹ ನೇರವಾಗಿ ಉಜ್ಜುತ್ತದೆ. ಅದನ್ನು ಕಾಯುವುದು ಎಣ್ಣೆಯಲ್ಲಿರುವ ಸತುವಿನ ಅಂಶ. ಹೊಸ ಕಾರುಗಳ ಹೊಗೆ ಶುದ್ಧಿಯ ಸಾಧನಕ್ಕೆ ಅದು ಆಗಿಬರುವುದಿಲ್ಲವೆಂದು ಹೊಸ ಎಣ್ಣೆಗಳಲ್ಲಿ ಅದನ್ನು ಇಳಿಸಿದ್ದರು. ತಂಗಿ ಸವೆದ ದಂಡವನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತಿದ್ದಳು. ಅಂದಿನಿಂದ ಜಿಡ್ಡಕ್ಕ ಬಂದರಿನಾಚೆ ಎಣ್ಣೆ ಬೆರೆಸುವ ಸಣ್ಣ ಕಾರ್ಖಾನೆಗೆ ಹೋಗಿ, ಸತು ಹೆಚ್ಚಿರುವ ದಪ್ಪ ಎಣ್ಣೆಯನ್ನು ಗಂಡನ ಲಾರಿಯಲ್ಲಿ ಹೇರಿಕೊಂಡು ಬರುತ್ತಿದ್ದಳು.

ಹೀಗಿರುವಾಗ ಬೀದಿಗೆ ದೊಡ್ಡ ಎಣ್ಣೆ ಕಂಪನಿಯವನು ಬಂದ. ಅಂಗಡಿಗೆ ಪುಕ್ಕಟೆ ನೀಲಿ ಬಣ್ಣ, ಪುಕ್ಕಟೆ ಕಪಾಟು, ದೀಪ ಉರಿಯುವ ಬೋರ್ಡು. ಒಂದೇ ಷರತ್ತು: ಬೇರೆಯವರ ಎಣ್ಣೆ ಇಡುವಂತಿಲ್ಲ. ಬೀದಿಯ ಬಿಡಿಭಾಗದಂಗಡಿಗಳೆಲ್ಲ ಒಂದೊಂದಾಗಿ ನೀಲಿಯಾದವು. ಎಣ್ಣೆಯ ಡಬ್ಬ ಇಟ್ಟವನೇ ಅಲ್ಲದ ಟೈರಿನವನೂ ಬಣ್ಣದ ಆಸೆಗೆ ನಾಲ್ಕು ಡಬ್ಬ ಇಟ್ಟ. ನಡುವೆ ಜಿಡ್ಡಕ್ಕನ ಅಂಗಡಿಯೊಂದು ಹುಳುಕು ಹಲ್ಲಿನ ಹಾಗೆ ಉಳಿಯಿತು.

"ನನ್ನ ತಂಗಿ ಕಾರಿಗೆ ನಿಮ್ಮಲ್ಲಿ ಏನಿದೆ?" ಎಂದು ಅವಳು ಕಂಪನಿಯವನನ್ನು ಕೇಳಿದಳು.

ಅವನು ಸುಳ್ಳು ಹೇಳುವವನಾಗಿರಲಿಲ್ಲ. "ಅಷ್ಟು ಹಳೇ ಎಂಜಿನ್ನಿಗೆ ನಾವು ಮಾಡ್ತಿಲ್ಲ ಮೇಡಂ. ಇದನ್ನೇ ಹಾಕಿ, ನಡೆಯುತ್ತೆ."

"ನಡೆಯೋಕಲ್ಲಪ್ಪ, ಓಡೋಕೆ. ನಿನ್ನ ಎಣ್ಣೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಹೊಸ ಕಾರಿನೋರು ಬಂದ್ರೆ ನಾನೇ ಕೊಡ್ತೀನಿ. ಆದ್ರೆ ನನ್ನ ಕಪಾಟಲ್ಲಿ ಏನಿರ್ಬೇಕು ಅನ್ನೋದು ನಾನು ಹೇಳ್ಬೇಕು, ನೀನಲ್ಲ."

ಅವನು ಚೀಲ ಎತ್ತಿಕೊಂಡು ಹೋದ. ಹೊಸ ಕಾರುಗಳ ಎಣ್ಣೆಯೂ ಅವಳಿಗೆ ಬರುವುದು ನಿಂತಿತು. ಕಾರಿನ ಗಿರಾಕಿಗಳು ನೀಲಿ ಬೋರ್ಡಿನ ಕೆಳಗೆ ಸಾಲುಗಟ್ಟಿದರು. ದೋಣಿಯವರು ಮಾತ್ರ ಅವಳನ್ನು ಬಿಡಲಿಲ್ಲ.

ಮರುವರ್ಷ ಅದೇ ಕಂಪನಿ ರೇಸ್ ಕ್ಲಬ್ಬಿನ ಪ್ರಾಯೋಜಕ ಸಂಸ್ಥೆಯಾಯಿತು. ಬಹುಮಾನದ ಕಪ್ಪಿಗೆ ಸ್ಪರ್ಧಿಸುವ ಪ್ರತಿ ಕಾರೂ ತಪಾಸಣೆ ಮೇಜಿನ ಮುಂದೆ, ಕಾರ್ಯದರ್ಶಿಯ ಕಣ್ಣೆದುರೇ ಕಂಪನಿಯ ಎಣ್ಣೆ ತುಂಬಿಸಿಕೊಳ್ಳಬೇಕು ಎಂಬ ನಿಯಮ ಬಂತು. ಹಿಂದಿನ ವರ್ಷ ತಂಗಿ ಕೂದಲೆಳೆಯಲ್ಲಿ ಕಪ್ಪು ಕಳೆದುಕೊಂಡಿದ್ದಳು. ಈ ಸಲ ಅವಳದೇ ಎಂದು ಮೈದಾನವೆಲ್ಲ ಮಾತಾಡುತ್ತಿತ್ತು.

ರೇಸಿನ ಬೆಳಿಗ್ಗೆ ಜಿಡ್ಡಕ್ಕನ ಗಂಡ ಎಣ್ಣೆ ಬಸಿದಿದ್ದ ಕಾರನ್ನು ತಳ್ಳಿಕೊಂಡು ಸಾಲಿಗೆ ತಂದು ನಿಲ್ಲಿಸಿದ. ಕೈಗೆ ಕೊಟ್ಟ ನೀಲಿ ಡಬ್ಬವನ್ನು ತಂಗಿ ಅಕ್ಕನತ್ತ ಚಾಚಿದಳು. ಜಿಡ್ಡಕ್ಕ ಕೈ ಚಾಚಲಿಲ್ಲ.

"ಒಂದು ದಿನದ ಮಟ್ಟಿಗೆ ಅಕ್ಕ."

"ಒಂದು ದಿನಕ್ಕೆ ಏನೂ ಆಗದೆ ಇರಬಹುದು. ಅದನ್ನೂ ನಾನೇ ಹೇಳ್ತೀನಿ. ಆಗಲೂಬಹುದು."

"ನಿನ್ನ ಜಿದ್ದಿಗೆ ನನ್ನ ಕಪ್ ಯಾಕೆ ಹೋಗ್ಬೇಕು?"

ಆ ಮಾತು ಜಿಡ್ಡಕ್ಕನ ಎದೆಗೆ ನಾಟಿತು. ಅಣ್ಣನಿಗೆ, ಅತ್ತೆಗೆ, ಕಂಪನಿಯವನಿಗೆ ಥಟ್ಟನೆ ಉತ್ತರ ಕೊಟ್ಟವಳು ಈಗ ಮೆಲ್ಲಗೆ, "ಕಾರು ನಿನ್ನದು, ಕಷ್ಟಪಟ್ಟೋಳೂ ನೀನೇ. ಹೊಯ್ಕೊಳ್ಳೋದಾದ್ರೆ ಹೊಯ್ಕೋ, ನಾನು ಮುನಿಸ್ಕೊಳ್ಳಲ್ಲ. ನನ್ನ ಕೈಯಿಂದ ಮಾತ್ರ ಹೊಯ್ಯಿಸ್ಬೇಡ" ಎಂದಳು.

ಹಿಂದೆ ನಿಂತಿದ್ದ ಚಾಲಕನೊಬ್ಬ ಕಣ್ಣು ಮಿಟುಕಿಸಿ ಪಿಸುಗುಟ್ಟಿದ: "ಖಾಲಿ ನೀಲಿ ಡಬ್ಬ ನನ್ಹತ್ರ ಇದೆ. ನಿಮ್ಮ ಎಣ್ಣೆಯನ್ನೇ ಅದರೊಳಗೆ ತುಂಬಿಸಿ ಹೊಯ್ದ್ರೆ ಯಾರಿಗೆ ಗೊತ್ತಾಗುತ್ತೆ?"

"ಕಣ್ಣು ಮುಚ್ಚಿ ಕುಡಿಯೋಕೆ ನಾವೇನು ಬೆಕ್ಕುಗಳಾ?" ಎಂದಳು ಜಿಡ್ಡಕ್ಕ. ಅವಳ ದನಿ ಮರಳಿ ಬಂದಿತ್ತು. "ನಮ್ಮ ಎಣ್ಣೆ ಹಾಕೋದಾದ್ರೆ ನಮ್ಮ ಡಬ್ಬದಿಂದಲೇ, ಎಲ್ಲರ ಎದುರಿಗೇ."

ತಂಗಿ ಅವಳನ್ನೇ ದಿಟ್ಟಿಸಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಸಿಟ್ಟಿನಲ್ಲೇ ಸರಸರನೆ ಮೇಜಿನ ಬಳಿ ಹೋಗಿ ನೀಲಿ ಡಬ್ಬವನ್ನು ಟಣ್ ಎಂದು ಇಟ್ಟಳು.

"ಇದು ಬೇಡ. ಕಪ್ಪೂ ಬೇಡ. ಓಡಿಸೋಕಾದ್ರೂ ಬಿಡ್ತೀರೋ ಇಲ್ವೋ?"

ಕ್ಲಬ್ಬಿನ ಕಾರ್ಯದರ್ಶಿ ಅತ್ತಿತ್ತ ನೋಡಿದ. "ಓಡಿಸಬಹುದು. ಫಲಿತಾಂಶದ ಬೋರ್ಡಲ್ಲಿ ನಿಮ್ಮ ಹೆಸರು ಬರಲ್ಲಮ್ಮ."

"ಬರದಿದ್ರೆ ಬಿಡಿ."

ಹಿಂತಿರುಗಿ ಬಂದು, "ಏನು ನೋಡ್ತಿದೀಯ? ಹೊಯ್ಯಿ" ಎಂದಳು. ಜಿಡ್ಡಕ್ಕ ಆಲಿಕೆ ಇಟ್ಟು, ಸಾಲಿನವರೆಲ್ಲ ನೋಡುತ್ತಿರುವಂತೆಯೇ ತನ್ನ ಡಬ್ಬ ಬಗ್ಗಿಸಿದಳು. ನಾಲ್ಕು ಹನಿ ಎಂಜಿನ್ನಿನ ಮೇಲೆ ಚೆಲ್ಲಿತು. ಗಂಡ ಅದನ್ನು ಬಟ್ಟೆಯಿಂದ ಒರೆಸಿದ.

ರೇಸ್ ಶುರುವಾದಾಗ ಅವಳು ಬೇಲಿಗೆ ಒರಗಿ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದಷ್ಟನ್ನೇ ಕೇಳುತ್ತಿದ್ದಳು. ಸದ್ದು ಒಂದು ಎಳೆಯೂ ಕೆಡಲಿಲ್ಲ. ಆದರೆ ತಂಗಿ ಗೆಲ್ಲಲಿಲ್ಲ. ಉದ್ದನೆಯ ತಿರುವಿನಲ್ಲಿ ಅವಸರಪಟ್ಟು ಹಿಂದಿನ ಚಕ್ರ ಮಣ್ಣಿಗಿಳಿಸಿದಳು, ಕಾರು ಗಿರ್ರನೆ ಒಂದು ಸುತ್ತು ತಿರುಗಿತು. ಹೇಗೋ ಸಾವರಿಸಿಕೊಂಡು, ಹಲ್ಲು ಕಚ್ಚಿ ಓಡಿಸಿ, ನಾಲ್ಕನೆಯವಳಾಗಿ ಗೆರೆ ದಾಟಿದಳು. ಬೋರ್ಡಿನಲ್ಲಿ ನಾಲ್ಕನೆಯ ಜಾಗಕ್ಕೆ ಅವಳ ಹಿಂದೆ ಬಂದವನ ಹೆಸರು ಏರಿತು.

"ಎಣ್ಣೆದಲ್ಲ ತಪ್ಪು, ನನ್ನದು" ಎಂದಳು ತಂಗಿ, ಹೆಲ್ಮೆಟ್ ಕಳಚುತ್ತ. ಮುಖದ ಮೇಲೆ ಧೂಳು, ಅದರ ನಡುವೆ ನಗೆ. "ಆದ್ರೂ ಅವನ ಹೆಸರು ಬರೆದಿದ್ದು ಹೊಟ್ಟೆ ಉರಿಸ್ತಿದೆ ನೋಡು."

ಮರುದಿನ ಅಂಗಡಿ ತೆರೆಯುವ ಮೊದಲು ಜಿಡ್ಡಕ್ಕ ಕೆಂಪು ಬಣ್ಣದ ಡಬ್ಬ, ಕುಂಚ ಹಿಡಿದು ನಿಂತಳು. ಶಟರಿನ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಬರೆದಳು: ನಾಲ್ಕನೆಯ ಸ್ಥಾನ ನನ್ನ ತಂಗಿಯದು. ಎಣ್ಣೆ ಈ ಅಂಗಡಿಯದು.

ಟೈರಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಗೆದ್ದೋರು ಬರೆಸ್ಕೊಳ್ಳೋದು ಕೇಳಿದ್ದೆ. ನಾಲ್ಕನೇದನ್ನ ಯಾರಾದ್ರೂ ಹೀಗೆ ಸಾರ್ತಾರಾ?"

"ನಾಲ್ಕನೇದು ಅಂತಲೇ ಬರೆದಿದೀನಲ್ಲ, ಒಂದನೇದು ಅಂತಲ್ಲವಲ್ಲ" ಎಂದು ಅವಳು ಒತ್ತಕ್ಷರ ತಿದ್ದಿದಳು.

ಬೀದಿಯವರು ನಗಾಡಿದರು, ಮಕ್ಕಳು ನಿಂತು ಓದಿದರು. ಹಳೆಯ ಕಾರು, ಹಳೆಯ ಬೈಕು ಇಟ್ಟುಕೊಂಡವರು ಕೆಲವರು ದೂರದಿಂದ ಹುಡುಕಿಕೊಂಡು ಬಂದರು. ಹಾಗೆಂದು ಅಂಗಡಿಯೇನೂ ದೊಡ್ಡದಾಗಲಿಲ್ಲ. ತಂಗಿ ಮುಂದೆಯೂ ಕಪ್ಪು ಗೆಲ್ಲಲಿಲ್ಲ. ಒಂದು ವರ್ಷವಂತೂ ಕೊನೆಯವಳಾಗಿ ಬಂದಳು.

ಕೆಲವು ವರ್ಷಗಳಾದ ಮೇಲೆ ಕಂಪನಿ ಬೇರೆ ಆಟಕ್ಕೆ ದುಡ್ಡು ಹಾಕಲು ಹೊರಟುಹೋಯಿತು. ಯಾವ ಎಣ್ಣೆಯಾದರೂ ಆದೀತು ಎಂದು ಕ್ಲಬ್ಬು ನಿಯಮ ತೆಗೆದುಹಾಕಿತು. ಒಂದು ಮಧ್ಯಾಹ್ನ ಕಾರ್ಯದರ್ಶಿಯೇ ಅಂಗಡಿಗೆ ಬಂದ. ಅರ್ಧ ಇಳಿಸಿದ್ದ ಶಟರಿನ ಮೇಲಿನ ಬರಹ ನೋಡಿ ಮುಜುಗರದಿಂದ ಕೆಮ್ಮಿದ.

"ಈಗ ಆ ನಿಯಮ ಇಲ್ಲವಲ್ಲಕ್ಕ. ಇದನ್ನ ಅಳಿಸಿಬಿಡಿ. ಓಡಾಡೋರು ಕೇಳ್ತಾರೆ, ಕ್ಲಬ್ಬಿಗೆ ಕೆಟ್ಟ ಹೆಸರು."

"ನಿಯಮ ಬರೆದೋರು ನೀವು, ಅಳಿಸಿದೋರೂ ನೀವು" ಎಂದಳು ಜಿಡ್ಡಕ್ಕ. "ಇದನ್ನ ಬರೆದೋಳು ನಾನು."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ದೋಣಿಯವನೊಬ್ಬ ಖಾಲಿ ಕ್ಯಾನು ಹಿಡಿದು ನಡುವೆ ನುಗ್ಗಿದ್ದರಿಂದ ಅವಳು ಪಂಪಿನ ಹಿಡಿಗೆ ಕೈ ಹಾಕಿದಳು.