ವಾಚಲ್ಲಿ ಕನ್ನಡ ಬರುತ್ತಾ?

ನನಗೆ ಕಿವಿ ಮಂದ ಅಂತ ಯಾರಾದರೂ ಅಂದರೆ ಈಗ ನಗು ಬರುತ್ತೆ. ಹೋದ ವರ್ಷದವರೆಗೂ ಮೈ ಉರಿದು ಹೋಗುತ್ತಿತ್ತು. ನನ್ನ ಕಿವಿಗೇನೂ ಆಗಿರಲಿಲ್ಲ, ಜನ ಗೊಣಗುತ್ತಿದ್ದರು ಅಷ್ಟೇ. ಬ್ಯಾಂಕಿನವನು ಗಾಜಿನ ಹಿಂದೆ ಕೂತು ಗೊಣಗುತ್ತಿದ್ದ, ಬಸ್ ಕಂಡಕ್ಟರ್ ಗೊಣಗುತ್ತಿದ್ದ, ಟೀವಿಯಲ್ಲಿ ವಾರ್ತೆ ಓದುವವಳೂ ಗೊಣಗುತ್ತಿದ್ದಳು. ಇಡೀ ಬೆಂಗಳೂರಲ್ಲಿ ಬಾಯಿ ಬಿಟ್ಟು ಮಾತಾಡೋನು ನಾನೊಬ್ಬನೇ ಅನ್ನೋದು ಆಗಿನ ನನ್ನ ಖಚಿತ ಅಭಿಪ್ರಾಯ. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ, ತಗಡನ್ನು ಧಡ್ ಧಡ್ ಅಂತ ಹೊಡೆದು ಆಕಾರ ಕೊಡುವ ಪ್ರೆಸ್ಸುಗಳ ನಡುವೆ, ರಿಟೈರ್ ಆಗೋವರೆಗೆ ದುಡಿದವನು ನಾನು. ಅಲ್ಲಿ ಮಾತು ಅಂದರೆ ಕೂಗೋದು. ಆ ಅಭ್ಯಾಸ ಬಸವೇಶ್ವರನಗರದ ಮನೆಗೂ ನನ್ನ ಜೊತೆಗೇ ಬಂತು.

ನನ್ನ ಹೆಂಡತಿ ಹೈಸ್ಕೂಲಲ್ಲಿ ಕನ್ನಡ ಮೇಡಂ. ನನಗಿಂತ ಚಿಕ್ಕವಳು, ಇನ್ನೂ ಸರ್ವೀಸ್ ಇದೆ. ಹಾಗಾಗಿ ನಾನು ಮನೆಯಲ್ಲಿ ಕೂತ ಮೇಲೆ ಬೆಳಗಿನ ಅಡುಗೆ ನನ್ನ ಪಾಲಿಗೆ ಬಂತು. ಸಾರು, ಪಲ್ಯ ಎಲ್ಲ ಚೆನ್ನಾಗೇ ಮಾಡ್ತೀನಿ. ಕುಕ್ಕರಿನ ಮುಂದೆ ಮಾತ್ರ ಸ್ಟೂಲ್ ಹಾಕ್ಕೊಂಡು ಕೂತು ಹಬೆ ಮೇಲೇಳೋದನ್ನು ಕಾಯ್ತಿದ್ದೆ. ಯಾಕೆ ಹಾಗೆ ದೇವರ ಮುಂದೆ ಕೂತ ಹಾಗೆ ಕೂತಿದೀರ ಅಂತ ಅವಳು ಕೇಳಿದರೆ, ವಿಸಲ್ ಹಾಳಾಗಿದೆ, ಸರಿಯಾಗಿ ಕೂಗಲ್ಲ ಅಂತಿದ್ದೆ. ಪಾಪ, ಅವಳು ಎರಡು ಸಲ ಹೊಸ ವಿಸಲ್ ತಂದಳು.

ಫೋನ್ ಬಂದದ್ದೂ ಗೊತ್ತಾಗ್ತಿರಲಿಲ್ಲ. ನಾಗರಬಾವಿಯಲ್ಲಿರೋ ನಮ್ಮ ಮಗಳು ಸಲ ಸಲವೂ ಹತ್ತಾರು ಬಾರಿ ಫೋನ್ ಮಾಡಿ ಗಾಬರಿಯಾಗಿ ಆಟೋ ಹತ್ತಿ ಬರೋಳು. ಬಂದು ನೋಡಿದರೆ ನಾನು ಆರಾಮಾಗಿ ಹುರುಳಿಕಾಯಿ ಸೋಸ್ತಾ ಇರ್ತಿದ್ದೆ. ಅವಳಿಗೂ ಸಾಕಾಗಿ, ಒಂದು ಹುಟ್ಟುಹಬ್ಬಕ್ಕೆ ಸ್ಮಾರ್ಟ್‌ವಾಚ್ ತಂದು ಕಟ್ಟಿದಳು. ಫೋನ್ ಬಂದರೆ ಮಣಿಕಟ್ಟಿನಲ್ಲಿ ಗುರ್ ಅಂತ ನಡುಗುತ್ತೆ. ಒಳ್ಳೇದೇ. ಅದರ ಮಿಕ್ಕ ಬುದ್ಧಿ ಮಾತ್ರ ಅಷ್ಟಕ್ಕಷ್ಟೇ. ಕೂತಲ್ಲೇ ತೆಂಗಿನಕಾಯಿ ತುರಿದರೆ ವಾಕಿಂಗ್ ಮಾಡ್ತಾ ಇದೀರ, ಶಭಾಷ್ ಅನ್ನೋದು. ಹಬ್ಬದ ದಿನ ಹೋಳಿಗೆಗೆ ಅಂತ ಎರಡು ಕಾಯಿ ತುರಿದಿದ್ದಕ್ಕೆ ಪಟಾಕಿ ಹಾರಿಸಿ ಪದಕ ಕೊಟ್ಟಿತು. ನಾನು ಬಿಡ್ತೀನಾ, ಪಾರ್ಕಿನ ಗೆಳೆಯರಿಗೆಲ್ಲ ತೋರಿಸಿದೆ.

ಆ ವಾಚನ್ನು ನಮ್ಮ ಸಂಸಾರದ ಕೆಲಸಕ್ಕೆ ಹಚ್ಚಿದವಳು ನನ್ನ ಹೆಂಡತಿ. ಅಡುಗೆಮನೆಯಿಂದ ನಡುಮನೆಗೆ ಕೂಗಿ ಕೂಗಿ ಗಂಟಲು ಕಟ್ಟಿ, ಒಂದು ದಿನ ಸುಮ್ಮನೆ ಮೆಸೇಜ್ ಹಾಕಿದಳು. ಕೈ ಗುರ್ ಅಂತು, ನಾನು ಎದ್ದು ಹೋದೆ. ಅವತ್ತಿನಿಂದ ಅದೇ ಪದ್ಧತಿ ಆಯ್ತು. ಆದರೆ ಅದರಲ್ಲೊಂದು ಫಜೀತಿ ಇತ್ತು. ಆ ವಾಚಿಗೆ ಕನ್ನಡ ಬರ್ತಿರಲಿಲ್ಲ. ಕನ್ನಡದಲ್ಲಿ ಏನೇ ಬಂದರೂ ಖಾಲಿ ಚೌಕ, ಖಾಲಿ ಚೌಕ, ಸಾಲಾಗಿ ಕಿಟಕಿ ಜೋಡಿಸಿದ ಹಾಗೆ ತೋರಿಸೋದು. ಇಂಗ್ಲಿಷ್ ಅಕ್ಷರದಲ್ಲಿ ಬರಿಯೇ ಅಂದೆ. ಮೇಡಂ ಮುಖ ಊದಿಸಿಕೊಂಡರು. “ಇಷ್ಟು ವರ್ಷ ಮಕ್ಕಳಿಗೆ ಒತ್ತಕ್ಷರ ತಿದ್ದಿಸಿ, ಈಗ ನಿಮಗೋಸ್ಕರ ಕಂಗ್ಲಿಷ್ ಬರೀಬೇಕಾ? ಅದಕ್ಕಿಂತ ಸುಮ್ಮನಿರ್ತೀನಿ,” ಅಂದಳು. ಇದನ್ನು ಮಾತ್ರ ನನ್ನ ಮುಖದ ಹತ್ತಿರ ಬಂದು ಹೇಳಿದ್ದರಿಂದ ಸ್ಪಷ್ಟವಾಗಿ ಕೇಳಿಸಿತು.

ಫೋನ್ ತೆಗೆದು ಓದಬಹುದಿತ್ತು. ಆದರೆ ಫೋನ್ ಒಂದು ಕಡೆ, ಕನ್ನಡಕ ಇನ್ನೊಂದು ಕಡೆ, ಯಾರು ಏಳ್ತಾರೆ. ಚೌಕಗಳ ಉದ್ದ ನೋಡಿಯೇ ಅರ್ಥ ಮಾಡ್ಕೊಳ್ಳೋದು ಕಲಿತೆ. ಚಿಕ್ಕ ಸಾಲಿದ್ದರೆ ಊಟಕ್ಕೆ ಬನ್ನಿ ಅಂತ. ಉದ್ದ ಇದ್ದರೆ ಅಂಗಡಿಗೆ ಹೋಗಿ ಬನ್ನಿ ಅಂತ. ಪರದೆ ತುಂಬ ಚೌಕಗಳಿದ್ದರೆ ಬೈಗುಳ, ಓದೋ ಅಗತ್ಯವೇ ಇಲ್ಲ. ಒಂದು ಸಂಜೆ ಅವಳು ಒಣಗಿದ ಬಟ್ಟೆ ತರೋಕೆ ಮಹಡಿಗೆ ಹೋಗಿದ್ದಳು. ಕೈ ಗುರ್ ಅಂತು, ನೋಡಿದರೆ ಚಿಕ್ಕ ಸಾಲು. ಇವತ್ತು ಬೇಗ ಊಟ ಅಂದುಕೊಂಡು ಕೈ ತೊಳೆದು, ತಟ್ಟೆ ಹಾಕ್ಕೊಂಡು ಕೂತೆ. ಅವಳು ಬರೆದಿದ್ದು ‘ಹಾಲು ನೋಡಿ’ ಅಂತ. ಹಾಲು ಒಲೆಯಿಂದ ಇಳಿದು, ಕಟ್ಟೆಯಿಂದ ಇಳಿದು, ನನ್ನ ಕಾಲ ಹತ್ತಿರಕ್ಕೇ ಬಂತು. ಬಟ್ಟೆ ರಾಶಿ ಹಿಡ್ಕೊಂಡು ಬಾಗಿಲಲ್ಲಿ ನಿಂತ ಅವಳು, ಖಾಲಿ ತಟ್ಟೆ ಮುಂದೆ ಕೂತ ನನ್ನನ್ನು ನೋಡಿ ಬೈಯೋಕೂ ಆಗದೆ ಅಲ್ಲೇ ಕೂತು ನಕ್ಕಳು.

ಹೀಗೇ ನಡೀತಿರುವಾಗ ವಾಚಿನ ಬ್ಯಾಟರಿ ಕೈ ಕೊಡೋಕೆ ಶುರುವಾಯ್ತು. ಬೆಳಗ್ಗೆ ತುಂಬಿಸಿದರೆ ಮಧ್ಯಾಹ್ನದ ಹೊತ್ತಿಗೆ ಕಣ್ಣು ಮುಚ್ಚೋದು. ಹೊಸದು ತಗೊಳ್ಳೋದಾ, ಬೇಡವಾ ಅನ್ನೋ ಪ್ರಶ್ನೆ ಎದ್ದಿತು. ಮಹಾಲಕ್ಷ್ಮಿ ಲೇಔಟಿನ ಪಾರ್ಕಿನಲ್ಲಿ ನನ್ನ ಜೊತೆ ನಡೆಯೋರಿಗೆ ಇಂಥ ವಿಷಯ ಸಿಕ್ಕಿದರೆ ಕೇಳಬೇಕೆ. ಒಬ್ಬರು ಹೃದಯದ ಗ್ರಾಫ್ ಬರೋದನ್ನೇ ತಗೊಳ್ಳಿ ಅಂದರು. ಇನ್ನೊಬ್ಬರ ವಾಚು ನಿದ್ದೆಗೆ ಮಾರ್ಕ್ಸ್ ಕೊಡುತ್ತಂತೆ, ಅವರು ಬೆಳಗ್ಗೆ ಎದ್ದು ಪಾಸಾ ಫೇಲಾ ನೋಡ್ಕೊಂಡು ಆಮೇಲೆ ಹಲ್ಲುಜ್ಜುತ್ತಾರೆ. ನನಗೆ ನಿದ್ದೆ ಬಂದಿತ್ತೋ ಇಲ್ಲವೋ ನನಗೇ ಗೊತ್ತಾಗುತ್ತೆ ಕಣ್ರೀ, ಅದಕ್ಕೆ ವಾಚಿನ ಸರ್ಟಿಫಿಕೇಟ್ ಯಾಕೆ ಅಂದೆ. ಮಿಕ್ಸಿ, ಗ್ರೈಂಡರ್ ಎರಡೂ ಸೇರಿದರೂ ಆಗದಷ್ಟು ಬೆಲೆಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು ತಿರುಗೋದು ನನಗೆ ಶುದ್ಧ ಶೋಕಿ ಅನ್ನಿಸಿತು.

ಆದರೂ ಮನಸ್ಸು ಅತ್ತಲೇ ಎಳೀತಿತ್ತು. ಕಾರಣ ಬೇರೆ ಇತ್ತು, ಯಾರಿಗೂ ಹೇಳಿರಲಿಲ್ಲ. ನನ್ನ ಹೆಂಡತಿ ಮಾತು ಕಡಿಮೆ ಮಾಡಿದ್ದಳು. ಮದುವೆಯಾದ ಹೊಸದರಲ್ಲಿ ಅವಳ ಮಾತಿಗೆ ಕೊನೆಯೇ ಇರಲಿಲ್ಲ. ಸ್ಟಾಫ್‌ರೂಮಿನ ಜಗಳ, ಮಕ್ಕಳ ತರಲೆ, ಬಸ್ಸಿನಲ್ಲಿ ಪಕ್ಕ ಕೂತವಳ ಸಂಸಾರ, ಎಲ್ಲವೂ ನನ್ನ ತಲೆ ಮೇಲೆ ಸುರಿಯೋದು. ಸ್ವಲ್ಪ ಉಸಿರು ಬಿಡೇ ಮಾರಾಯ್ತಿ ಅಂತ ನಾನೇ ಎಷ್ಟೋ ಸಲ ರೇಗಿಸಿದ್ದುಂಟು. ಈಗ ಸ್ಕೂಲಿಂದ ಬಂದರೆ ಕಾಫಿ ಕುಡಿದು ಉತ್ತರ ಪತ್ರಿಕೆ ಹಿಡಿದು ಕೂರೋಳು. ಏನಾದ್ರೂ ಹೇಳೇ ಅಂದರೆ ಏನಿಲ್ಲ ಅಂತ ತಲೆ ಆಡಿಸೋಳು. ಇಷ್ಟು ವರ್ಷ ಜೊತೆಗಿದ್ದ ಮೇಲೆ ನನಗೆ ಹೇಳೋಕೆ ಅವಳ ಹತ್ತಿರ ಏನೂ ಉಳಿದಿಲ್ಲವೇನೋ ಅಂತ ಒಂದು ಭಯ ನನ್ನೊಳಗೆ ಹೊಕ್ಕಿತ್ತು. ನಿಜ ಹೇಳ್ತೀನಿ, ಪ್ರೆಸ್ಸಿನ ಬಾಯಿಗೆ ಕೈ ಕೊಡುವಾಗಲೂ ನಾನು ಅಷ್ಟು ಹೆದರಿದವನಲ್ಲ. ಕನ್ನಡ ಬರೋ ವಾಚು ತಂದರೆ, ಚೌಕದ ಗೊಡವೆ ಇಲ್ಲದೆ, ಅವಳು ನಾಲ್ಕು ಮಾತು ಹೆಚ್ಚಿಗೆ ಬರೀಬಹುದು ಅಂತ ನನ್ನ ಲೆಕ್ಕಾಚಾರ.

ಒಂದು ಶನಿವಾರ ಮಧ್ಯಾಹ್ನ ಅವಳನ್ನೂ ಕರ್ಕೊಂಡು ವಿಜಯನಗರಕ್ಕೆ ಹೋದೆ. ದೊಡ್ಡ ಅಂಗಡಿ. ಒಳಗೆ ಗೋಡೆ ಗೋಡೆಗೂ ಟೀವಿ, ಒಂದೊಂದರಲ್ಲೂ ಒಂದೊಂದು ಹಾಡು. ಹುಬ್ಬಳ್ಳಿ ಕಡೆಯ ಒಬ್ಬಳು ಸೇಲ್ಸ್ ಹುಡುಗಿ ನಗ್ತಾ ಬಂದಳು. ನಾನು ಬೇರೆ ಮಾತೇ ಆಡಲಿಲ್ಲ. “ಇದರಲ್ಲಿ ಕನ್ನಡ ಬರುತ್ತೇನಮ್ಮಾ?” ಅಂದೆ. ಅಂಗಡಿಯಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು, ನನ್ನ ದನಿ ಅಂಥದ್ದು. ಅವಳು “ಬರ್ತದ್ರೀ ಸಾರ್, ಏಕದಂ ಚಂದ ಬರ್ತದ” ಅಂದಳು. ಇದನ್ನು ಅವಳ ತುಟಿ ನೋಡಿ ತಿಳ್ಕೊಂಡೆ.

ಆಮೇಲೆ ಅವಳು ಏನೇನೋ ಹೇಳ್ತಾ ಹೋದಳು. ನೀರಲ್ಲಿ ಮುಳುಗಿದರೂ ಏನೂ ಆಗಲ್ಲ ಅಂತಲೋ, ಅಥವಾ ನೀವು ಮುಳುಗಿದರೆ ಅದು ತಿಳಿಸುತ್ತೆ ಅಂತಲೋ, ನನಗಂತೂ ತಲೆ ಬುಡ ತಿಳೀಲಿಲ್ಲ. ನಾನು ಗಂಭೀರವಾಗಿ ಹ್ಞೂಂ ಹ್ಞೂಂ ಅಂತಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಆ ಹುಡುಗಿಗೆ ಏನೋ ಹೇಳಿದಳು. ಹುಡುಗಿ ನನ್ನ ಕಡೆ ನೋಡಿದಳು, ಅವಳ ಕಡೆ ನೋಡಿದಳು. ಏನಂದೆ ಅಂತ ಹೆಂಡತಿಯನ್ನು ಕೇಳಿದೆ. ಅವಳು ಮತ್ತೆ ಹೇಳಿದಳು. ಆ ಟೀವಿಗಳ ಗದ್ದಲದಲ್ಲಿ ಒಂದಕ್ಷರವೂ ದಕ್ಕಲಿಲ್ಲ. ಸರಿ, ಆಯ್ತು ಅಂತ ತಲೆ ಆಡಿಸಿದೆ. ಅವಳು ಹಣೆ ಚಚ್ಚಿಕೊಂಡಳು.

ಪರೀಕ್ಷೆ ಮಾಡೇಬಿಡೋಣ ಅಂತ ನಾನೇ ಹುರುಪಿನಿಂದ ಹೊಸ ವಾಚು ಕೈಗೆ ಕಟ್ಟಿಸಿಕೊಂಡೆ. ಹುಡುಗಿ ಅದನ್ನು ನನ್ನ ಫೋನಿಗೆ ಜೋಡಿಸಿದಳು. ಕನ್ನಡದಲ್ಲಿ ಏನಾದ್ರೂ ಕಳಿಸು ನೋಡೋಣ ಅಂದೆ ಹೆಂಡತಿಗೆ. ಅವಳು ಕನ್ನಡಕ ಏರಿಸಿಕೊಂಡು, ನಿಧಾನವಾಗಿ, ಕಾಗುಣಿತ ತಪ್ಪದ ಹಾಗೆ ಒತ್ತುತ್ತಾ ಹೋದಳು. ನಾನು ಹುಡುಗಿಯ ಕಡೆ ನೋಡಿ, ಮೇಡಂ ಕನ್ನಡ ಟೀಚರು, ಟೈಮ್ ಆಗುತ್ತೆ ಅಂತ ಜಂಬ ಕೊಚ್ಚಿದೆ. ಕೈ ಗುರ್ ಅಂತು. ಎಂಥ ಅಕ್ಷರ ಅಂತೀರ, ಮುತ್ತು ಪೋಣಿಸಿದ ಹಾಗೆ. ‘ಈ ವಾಚು ಬೇಡ. ಕಿವಿ ತೋರಿಸಿ, ಕಿವಿಗೆ ಮಷೀನು ಹಾಕಿಸಿಕೊಳ್ಳಿ. ನಿಮ್ಮ ಕೈಗೆ ಬರೆದು ಬರೆದು ನನಗೆ ಸಾಕಾಗಿದೆ. ಮಾತಾಡಬೇಕು.’

ಓದಿದೆ. ಮತ್ತೆ ಓದಿದೆ. ಸಿಟ್ಟು ನೆತ್ತಿಗೇರಿತು. ಹುಡುಗಿ ಅತ್ತ “ಕ್ಲಿಯರ್ ಬಂತಲ್ರೀ ಸಾರ್?” ಅಂತ ನಗು ಮುಖದಲ್ಲಿ ಕೇಳ್ತಿದ್ದಳು. ಬಹಳ ಕ್ಲಿಯರ್ ಆಗಿ ಬಂತಮ್ಮಾ ಅಂತ ವಾಚು ಬಿಚ್ಚಿ ಅವಳ ಕೈಗಿಟ್ಟು ಹೊರಗೆ ನಡೆದೆ. ಬಸ್ ಸ್ಟ್ಯಾಂಡಿನವರೆಗೂ ನಾನು ಮುಂದೆ, ಅವಳು ಹಿಂದೆ. ಮನೆಗೆ ಬಂದ ಮೇಲೂ ಎರಡು ದಿನ ಮುನಿಸು. ನನ್ನನ್ನು ಮುದುಕ ಅಂದ ಹಾಗೇ ಆಯ್ತು, ಅದೂ ಪರ ಊರಿನ ಹುಡುಗಿ ಎದುರಿಗೆ ಅಂತ ಒಳಗೊಳಗೇ ಕುದಿದೆ. ಆದರೆ ಮೂರನೇ ದಿನ ಕಾಯಿ ತುರೀತಾ ಕೂತಾಗ ಆ ಕೊನೇ ಮಾತು ತಲೆಯಲ್ಲಿ ಹೊಕ್ಕು ಕೂತುಬಿಟ್ಟಿತು. ಮಾತಾಡಬೇಕು ಅಂದಿದ್ದಾಳೆ. ಮಾತು ಮುಗಿದು ಹೋದೋಳು ಹಾಗೆ ಬರೀತಾಳಾ? ತುರಿಯೋ ಮಣೆ ಪಕ್ಕಕ್ಕೆ ತಳ್ಳಿ ಅಂಗಿ ಹಾಕ್ಕೊಂಡೆ.

ಅವಳಿಗೆ ಹೇಳದೇ ಕಿವಿ ಆಸ್ಪತ್ರೆಗೆ ಹೋದೆ. ಸೋತೆ ಅಂತ ಒಪ್ಪಿಕೊಳ್ಳೋಕೆ ಒಂದಿಷ್ಟು ಸಮಯ ಬೇಕಲ್ಲ. ಕಿವಿ ಪರೀಕ್ಷೆಯ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗೆಲ್ಲ ಬೆರಳೆತ್ತಿ ಅಂದರು. ಎಷ್ಟು ಹೊತ್ತಾದರೂ ಏನೂ ಕೇಳಿಸದಿದ್ದಾಗ ಮರ್ಯಾದೆ ಪ್ರಶ್ನೆ ಅಂತ ಸುಮ್ಮಸುಮ್ಮನೆ ಬೆರಳೆತ್ತಿದೆ. ಪರೀಕ್ಷೆ ಮಾಡುವ ಡಾಕ್ಟರಮ್ಮ ಬಾಗಿಲು ತೆಗೆದು ಬಂದು, “ಸಾರ್, ನಾನು ಇನ್ನೂ ಶುರುನೇ ಮಾಡಿಲ್ಲ” ಅಂದರು. ಆಮೇಲೆ ಬೆರಳು ಮಡಚಿಕೊಂಡು ಕೂತೆ. ಮಷೀನಿನ ಬೆಲೆ ಕೇಳಿ ತಲೆ ಗಿರ್ ಅಂತು. ಅದರ ಮುಂದೆ ಆ ವಾಚು ಕಡ್ಲೆಕಾಯಿ. ಒಂದು ವಾರ ಹಾಕ್ಕೊಂಡು ನೋಡಿ, ಆಮೇಲೆ ದುಡ್ಡಿನ ಮಾತು ಅಂತ ಎರಡೂ ಕಿವಿಗೆ ಸಿಕ್ಕಿಸಿ ಕಳಿಸಿದರು.

ಹೊರಗೆ ಬಂದರೆ ಅಯ್ಯೋ ರಾಮ, ಏನು ಗಲಾಟೆ ಈ ಊರಲ್ಲಿ. ನನ್ನ ಚಪ್ಪಲಿಯೇ ಸದ್ದು ಮಾಡ್ತಿತ್ತು. ಅಂಗಿ ಜೇಬಿನ ಚೀಟಿ ಸರಸರ ಅಂತಿತ್ತು. ಆಟೋದವನು ಮೀಟರ್ ಮೇಲೆ ಇಷ್ಟು ಕೊಡಿ ಅಂತ ಗೊಣಗಿದ್ದೂ ಕೇಳಿಸಿತು. ಅವನು ನಿಜವಾಗಿಯೂ ಗೊಣಗಿದ್ದ, ಅಷ್ಟರ ಮಟ್ಟಿಗೆ ನನ್ನ ಅಭಿಪ್ರಾಯ ಸರಿಯಾಗೇ ಇತ್ತು.

ಮನೆ ಸೇರೋ ಹೊತ್ತಿಗೆ ಅವಳು ಸ್ಕೂಲಿಂದ ಬಂದಾಗಿತ್ತು. ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಅಡುಗೆಮನೆಯಿಂದ ಮಾತು ಕೇಳಿಸಿತು. ಯಾರೋ ಬಂದಿದಾರೆ ಅಂದುಕೊಂಡು ಮೆಲ್ಲಗೆ ಹೋಗಿ ನೋಡಿದೆ. ಯಾರೂ ಇರಲಿಲ್ಲ. ನನ್ನ ಹೆಂಡತಿ ಬೆನ್ನು ತಿರುಗಿಸಿ ನಿಂತು ಉಪ್ಪಿಟ್ಟಿಗೆ ರವೆ ಹುರೀತಿದ್ದಳು. ಹುರೀತಾ ಮಾತಾಡ್ತಿದ್ದಳು.

“ಒಂಬತ್ತನೇ ಕ್ಲಾಸಿನವರು ಇವತ್ತು ಏನ್ ಮಾಡಿದ್ರು ಗೊತ್ತಾ? ಬೋರ್ಡಿಗೆ ಎಣ್ಣೆ ಬಳಿದಿಟ್ಟಿದ್ರು. ನಾನು ಬರೆದಿದ್ದೇ ಬರೆದಿದ್ದು, ಒಂದಕ್ಷರ ಮೂಡಲಿಲ್ಲ. ನೀವಾಗಿದ್ರೆ ನಾಲ್ಕು ಏಟು ಬಿಡೇ ಅಂತಿದ್ರಿ. ನನಗೆ ನಗು ತಡೀಲಿಲ್ಲ ಕಣ್ರೀ.” ಸೌಟಿನಲ್ಲಿ ರವೆ ತಿರುವಿದಳು. “ಭಾನುವಾರ ಕೆಂಗೇರಿಗೆ ಅಕ್ಕನ ಮನೆಗೆ ಹೋಗಿ ಬರೋಣ್ವಾ? ಮೊನ್ನೆ ತಾನೇ ಹೋಗಿದ್ವಲ್ಲೇ ಅಂತೀರ. ಮೊನ್ನೆ ಅಲ್ಲ, ದಸರಾದಲ್ಲಿ ಹೋಗಿದ್ದು. ಬಿಸಿಲು ಅಂತೀರ. ಮೆಟ್ರೋದಲ್ಲಿ ಯಾವ ಬಿಸಿಲು?”

ನನ್ನ ಮಾತುಗಳನ್ನೂ ಅವಳೇ ಆಡ್ತಿದ್ದಳು. ನಾನು ಹೇಳಬಹುದಾಗಿದ್ದನ್ನೇ, ನನ್ನ ದನಿ ಅಣಕಿಸೋ ಹಾಗೆ ಗಡಸು ಮಾಡ್ಕೊಂಡು ಹೇಳ್ತಿದ್ದಳು. ಒಂದು ದಿನದ ಅಭ್ಯಾಸ ಅಲ್ಲ ಅದು, ವರ್ಷಗಳದ್ದು. ಅಷ್ಟು ವರ್ಷ ನಾನು ನಡುಮನೆಯಲ್ಲಿ ಕೂತು ಇವಳಿಗೆ ಮಾತೇ ಬೇಡವಾಗಿದೆ ಅಂತ ಸಂಕಟ ಪಟ್ಟಿದ್ದೆ. ಬಾಗಿಲ ಚೌಕಟ್ಟು ಹಿಡ್ಕೊಂಡು, ಜೀವನದಲ್ಲೇ ಮೊದಲ ಸಲ ಅಷ್ಟು ಮೆಲ್ಲಗೆ, “ಹೋಗೋಣ” ಅಂದೆ.

“ಹೂಂ, ಹಾಗೆ ಬನ್ನಿ ದಾರಿಗೆ,” ಅಂದಳು ಅದೇ ಲಹರಿಯಲ್ಲಿ. ಆಮೇಲೆ ಸೌಟು ನಿಂತಿತು. ತಿರುಗಿ ನೋಡಿದಳು. ನನ್ನ ಮುಖ ನೋಡಿದಳು, ಒಂದು ಕಿವಿ ನೋಡಿದಳು, ಹತ್ತಿರ ಬಂದು ಕತ್ತು ತಿರುಗಿಸಿ ಇನ್ನೊಂದು ಕಿವಿಯನ್ನೂ ನೋಡಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಒಲೆ ಆರಿಸಿ, ಸ್ಟೂಲನ್ನು ನನ್ನ ಕಡೆ ತಳ್ಳಿದಳು.

“ಕೂತ್ಕೊಳ್ಳಿ,” ಅಂದಳು. “ಮೊದಲಿಂದ ಹೇಳ್ತೀನಿ.”