ತಂಗಿಯ ಡಾಪ್ಲರ್ ಸ್ಕ್ಯಾನ್

೨೦೦೩ರಲ್ಲಿ ನಾನು ಹಗರಿಬೊಮ್ಮನಹಳ್ಳಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಆಯಾ ಆಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಗರ್ಭಿಣಿಯರನ್ನು ಮಂಚಕ್ಕೆ ಹತ್ತಿಸುವುದು, ಹೊಟ್ಟೆಗೆ ಜೆಲ್ ಹಚ್ಚುವುದು, ಆಮೇಲೆ ಒರೆಸುವುದು ನನ್ನ ಕೆಲಸ.

ಆ ಕೋಣೆಯಲ್ಲಿ ಹಗಲೂ ಮಬ್ಬು. ಡಾಪ್ಲರ್ ಗುಂಡಿ ಒತ್ತಿದರೆ ಕಪ್ಪು ತೆರೆಯ ಮೇಲೆ ರಕ್ತ ಕೆಂಪಾಗಿ ಬರುತ್ತಿತ್ತು, ನೀಲಿಯಾಗಿ ಹೋಗುತ್ತಿತ್ತು. ಎಲ್ಲೋ ಪಕ್ಕದ ಮನೆಯಲ್ಲಿ ಹೊಲಿಗೆ ಮಷಿನ್ ಓಡಿಸಿದಂತೆ ಮಗುವಿನ ಎದೆಬಡಿತ ಕೇಳುತ್ತಿತ್ತು. ಕೇಳುತ್ತ ಕೇಳುತ್ತ ನಾನೂ ನೀರಿನೊಳಗೆ ತೇಲುತ್ತಿದ್ದೇನೆ ಅನ್ನಿಸುತ್ತಿತ್ತು. ಹೊರಗೆ ಕಾಯುವವರು ಮೊದಲು ನನ್ನನ್ನೇ ಕೇಳುತ್ತಿದ್ದರು. ಕೂಸಿನ ಎದಿ ಗುದ್ದು ಚಲೋ ಐತಿ ಅನ್ನುತ್ತಿದ್ದೆ. ಅವರ ಮುಖ ಅರಳುತ್ತಿತ್ತು.

ಹೊಳೆದಂಡೆಯ ಹಲವಾಗಲು ಊರಿಗೆ ಕೊಟ್ಟಿದ್ದ ನನ್ನ ತಂಗಿ ಕೊಟ್ರಮ್ಮ ಏಳನೇ ತಿಂಗಳಲ್ಲಿ ಅತ್ತೆಯೊಂದಿಗೆ ಬಂದಳು. ತಿಂಗಳಿಗೆ ತಕ್ಕಷ್ಟು ಹೊಟ್ಟೆ ಬೆಳೆದಿರಲಿಲ್ಲ. ಹೊಕ್ಕುಳಬಳ್ಳಿಯ ರಕ್ತ ಹರಿಯುವುದು ತೆರೆಯ ಮೇಲೆ ಗುಡ್ಡಗಳ ಸಾಲಿನಂತೆ ಮೂಡುತ್ತದೆ. ಎರಡು ಗುಡ್ಡಗಳ ನಡುವೆಯೂ ಹರಿವು ನಿಲ್ಲಬಾರದು. ನಿಂತರೆ, ಗರ್ಭದೊಳಗಿನ ಮಾಸು ಮಗುವಿಗೆ ಬೇಕಾದಷ್ಟು ಪೋಷಣೆ ಕೊಡುತ್ತಿಲ್ಲವೆಂದರ್ಥ. ಇದು ನನಗೆ ತಿಳಿದದ್ದು ಆಮೇಲೆ. ತಂಗಿಯ ಗುಡ್ಡಗಳ ನಡುವೆ ಬರೀ ಕಪ್ಪಿತ್ತು.

ಡಾಕ್ಟರಮ್ಮ ಅಂದೇ ದಾವಣಗೆರೆಗೆ ಹೋಗಿ ದೊಡ್ಡಾಸ್ಪತ್ರೆ ಸೇರಲು ಹೇಳಿದರು. ಆದರೆ ಶುಕ್ರವಾರ ತಂಗಿಯ ಕುಬಸ, ಅಂದರೆ ಸೀಮಂತ. ಬೀಗರಿಗೆಲ್ಲ ಹೇಳಿಯಾಗಿತ್ತು, ಹಸಿರು ಸೀರೆ ತಂದಾಗಿತ್ತು. ಅತ್ತೆ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದರು, ಪಕ್ಕದಲ್ಲೇ ತಂಗಿ.

"ಡಾಕ್ಟರು ಹೆದರಸಾಕ ಅದಾರ. ಒಳಗ ಇರಾಕಿ ನೀನು, ಅರ್ಧ ಡಾಕ್ಟರ. ನೀ ಹೇಳವ್ವ."

ಆ ಮಾತು ನನಗೆ ಹಿತವಾಯಿತು.

"ಗುದ್ದು ಚಲೋ ಐತ್ರಿ, ಅತ್ತಿ. ಕುಬಸ ಮುಗಿಸ್ಕೊಂಡು ಹೋಗ್ರಿ."

ಗುದ್ದು ನಿಜವಾಗಿಯೂ ಚೆನ್ನಾಗಿತ್ತು. ರಕ್ತ ಸಾಲದೆ ಸೊರಗುವ ಮಗುವಿನ ಎದೆಯೂ ಬಹಳ ದಿನ ಸರಿಯಾಗಿಯೇ ಬಡಿಯಬಹುದು.

ಕುಬಸದ ಮಧ್ಯಾಹ್ನ ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಮುತ್ತೈದೆಯರು ಉಡಿ ತುಂಬಿದರು. ಹಸಿರು ಬಳೆ ತೊಟ್ಟ ತಂಗಿ ಹಾಡು ಕೇಳುತ್ತಲೇ ಗೋಡೆಗೊರಗಿ ತೂಕಡಿಸಿದಳು. ಅಷ್ಟು ನೆಮ್ಮದಿಯ ಮುಖವನ್ನು ನಾನು ಮತ್ತೆ ನೋಡಿಲ್ಲ.

ಸೋಮವಾರ, ಮಗು ಮಿಸುಕಾಡುತ್ತಿಲ್ಲವೆಂದು ಕರೆತಂದರು. ನಾನೇ ಜೆಲ್ ಹಚ್ಚಿದೆ. ಡಾಕ್ಟರಮ್ಮ ಗುಂಡಿ ಒತ್ತಿದರು. ಬಣ್ಣ ಬರಲಿಲ್ಲ, ಸದ್ದೂ ಬರಲಿಲ್ಲ. ಅಂದೇ ಹೋಗಿದ್ದರೆ ಉಳಿಯುತ್ತಿತ್ತೇ ಎಂದು ಅವರನ್ನು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಹೆರಿಗೆ ಮಾಡಿಸಿದ ಮೇಲೆ ತಂಗಿ ನನ್ನ ಕೈ ಹಿಡಿದುಕೊಂಡಳು. "ನೀ ಧೈರ್ಯ ಹೇಳಿದ್ದಕ್ಕ ಅಷ್ಟು ದಿನ ಚಲೋ ನಿದ್ದಿ ಮಾಡ್ದೆ ಅಕ್ಕ," ಅಂದಳು.

ನನಗೆ ತಿಳಿಯುವುದಿಲ್ಲ ಎಂದು ನಾನು ಹೇಳಿದ್ದರೆ ಅವಳು ಹೆದರುತ್ತಿದ್ದಳು, ಅಂದೇ ಬಸ್ಸು ಹತ್ತುತ್ತಿದ್ದಳು. ಅವಳ ನಿದ್ದೆ ಕೆಡಿಸುವುದೇ ಆ ದಿನ ನನ್ನ ಕೆಲಸವಾಗಿತ್ತು.